ತೆಳು ನೀರು

ಮೀನಿನ ತೊಟ್ಟಿಯಲ್ಲಿ ಲೋಳೆ ಕಾಣಿಸಿಕೊಂಡ ದಿನ ಮಗಳಿಗೆ ಮೊದಲು ಆದದ್ದು ಅವಮಾನ. ಆಗದೆ ಏನು? ಇಪ್ಪತ್ತು ವರ್ಷದಿಂದ ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೂತು, ಊರಿನ ಜನ ಕುಡಿಯುವ ನೀರಿಗೆ ‘ಕುಡಿಯಲು ಯೋಗ್ಯ’ ಅಂತಲೋ ‘ಯೋಗ್ಯವಲ್ಲ’ ಅಂತಲೋ ಠಸ್ಸೆ ಒತ್ತುವವಳು ಅವಳು. ಅಂಥವಳ ಮನೆಯ ನಡುಕೋಣೆಯಲ್ಲೇ, ಒಂದು ಮೊಳ ಉದ್ದದ ಗಾಜಿನ ತೊಟ್ಟಿಯೊಳಗೆ, ನೆಗಡಿಯಾದ ಮಗುವಿನ ಮೂಗಿನಿಂದ ಇಳಿದ ಹಾಗೆ ಬಿಳೀ ಲೋಳೆ ಜೋತುಬಿದ್ದಿತ್ತು. ಗಾಜಿನ ಮೂಲೆಗೆ, ಪ್ಲಾಸ್ಟಿಕ್ ಗಿಡದ ಎಲೆಗೆ, ಗಾಳಿ ಬಿಡುವ ಸಣ್ಣ ಕೊಳವೆಗೆ, ಎಲ್ಲಕ್ಕೂ ಅಂಟಿಕೊಂಡಿತ್ತು. ಮುಟ್ಟಿದರೆ ಜಾರುತ್ತಿತ್ತು, ಹಿಡಿಯಲು ಹೋದರೆ ಹರಿದುಹೋಗುತ್ತಿತ್ತು. ಅವಳು ತೋಳು ಮೇಲೇರಿಸಿ, ಮೀನುಗಳನ್ನು ಬಕೀಟಿಗೆ ಹಾಕಿ, ತೊಟ್ಟಿಯನ್ನು ಉಜ್ಜಿ ಉಜ್ಜಿ ತೊಳೆದು ಹೊಸ ನೀರು ತುಂಬಿಸಿ, “ತೊಲಗಿತು ಪೀಡೆ” ಅಂದಳು. ಪೀಡೆ ಎಲ್ಲಿಗೂ ತೊಲಗಿರಲಿಲ್ಲ. ನಾಲ್ಕನೇ ದಿನಕ್ಕೆ ಮತ್ತೆ ಬಂದು ಕೂತಿತ್ತು.

ಆ ತೊಟ್ಟಿ ಮನೆಗೆ ಯಾಕೆ ಬಂತು ಅನ್ನುವುದನ್ನು ಈಗಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದಕ್ಕೆ ತಲೆಬುಡ ಸಿಗುವುದಿಲ್ಲ. ಅದು ಬಂದದ್ದು ಅಪ್ಪನಿಗಾಗಿ. ಅಪ್ಪ ನಲ್ಲಿ ಕೆಲಸದವನು. ನಲವತ್ತು ವರ್ಷ ಊರಿನ ಮನೆಮನೆಗೆ ಕೊಳವೆ ಕೂಡಿಸಿದವನು. ಕೆಲಸ ಮುಗಿದಾಗ ಅವನದೊಂದು ಪದ್ಧತಿಯಿತ್ತು. ಹೊಸ ನಲ್ಲಿಯನ್ನು ತಾನೇ ತಿರುಗಿಸಿ, ಅಂಗೈ ತುಂಬ ನೀರು ಹಿಡಿದು, ತಾನೇ ಮೊದಲು ಕುಡಿದು, ಬಾಯಿ ಒರೆಸಿಕೊಂಡು ‘ಸರಿ’ ಅನ್ನುತ್ತಿದ್ದ. ಆ ‘ಸರಿ’ ಬೀಳುವ ತನಕ ಮನೆಯ ಯಜಮಾನನೇ ಆದರೂ ನಲ್ಲಿ ಮುಟ್ಟುವಂತಿರಲಿಲ್ಲ. ಇನ್ನು ಕೊಳವೆಯ ಕೂಡುಗೆಗೆ ಸುತ್ತುವ ಬಿಳೀ ಟೇಪಿನ ವಿಷಯದಲ್ಲಂತೂ ಅವನು ಮಹಾ ಜಿಗುಟು. “ಟೇಪಿನ ತುದಿ ಉಗುರಿಗೆ ಸಿಗಬಾರದು. ಸಿಕ್ಕಿದ್ರೆ ಅದು ಕೆಲಸ ಅಲ್ಲ, ಬ್ಯಾಂಡೇಜು” ಅಂತ ಮಕ್ಕಳಿಬ್ಬರನ್ನೂ ಕೂರಿಸಿಕೊಂಡು ಪಾಠ ಮಾಡುತ್ತಿದ್ದ. ತಾನು ಸುತ್ತಿದ್ದನ್ನು ಮುಂದಿಟ್ಟು ತುದಿ ಹುಡುಕಿ ನೋಡೋಣ ಅನ್ನುವುದು ಆ ಮನೆಯ ಆಟ. ಮಕ್ಕಳು ಒಂದು ಸಲವೂ ಗೆದ್ದವರಲ್ಲ. ಮಗಳಿಗೆ ಪ್ರಯೋಗಾಲಯದ ಕೆಲಸ ಸಿಕ್ಕಿದ ಮೇಲೆ ಅಪ್ಪ ಅವಳನ್ನು ‘ನಮ್ಮನೆ ಠಸ್ಸೆ’ ಅಂತಲೇ ಕರೆಯತೊಡಗಿದ. “ನಾನು ಕುಡಿದು ಹೇಳ್ತೀನಿ, ಇವಳು ಕುಡೀದೇನೇ ಹೇಳ್ತಾಳೆ. ಯಾರನ್ನ ನಂಬ್ತೀರಿ ನೀವೇ ನೋಡ್ಕೊಳ್ಳಿ” ಅಂತ ಬಂದವರ ಮುಂದೆಲ್ಲ ಕಿಚಾಯಿಸುತ್ತಿದ್ದ.

ಹೋದ ವರ್ಷ ಅಂಥ ಅಪ್ಪನ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತು. ಬಲಗೈ ಬಲಗಾಲು ಬಿದ್ದುಹೋದವು. ಮಾತೆಲ್ಲ ಅಳಿಸಿಹೋಗಿ ಒಂದೇ ಒಂದು ಉಳಿಯಿತು, ‘ಸರಿ’. ಹಸಿವಾದರೂ ಸರಿ, ಹೊಟ್ಟೆ ತುಂಬಿದರೂ ಸರಿ. ಕಾಲು ಉಳುಕಿದರೂ ಸರಿ, ಟಿವಿ ಆರಿಸು ಅನ್ನುವುದಕ್ಕೂ ಸರಿ. ಮನೆಯವರು ಮುಖ ನೋಡಿ, ದನಿ ಕೇಳಿ, ಒಟ್ಟಾರೆ ಅಂದಾಜಿನ ಮೇಲೆ ಅರ್ಥ ಮಾಡಿಕೊಳ್ಳಬೇಕಿತ್ತು. ಮಾಡಿಕೊಂಡಿದ್ದೇವೆ ಅಂತ ಎಲ್ಲರೂ ತಿಳಿದುಕೊಂಡಿದ್ದರು.

ಅದಕ್ಕಿಂತ ಕೆಟ್ಟದ್ದು ಗಂಟಲಿನ ಪಾಡು. ಗಂಟಲು ಹೇಳಿದ ಮಾತು ಕೇಳುತ್ತಿರಲಿಲ್ಲ. ‘ನೀರು ಕುಡಿದಷ್ಟು ಸುಲಭ’ ಅನ್ನುತ್ತೇವಲ್ಲ, ಹಾಗೆ ಅನ್ನುವವರನ್ನು ಒಂದು ದಿನ ಅಪ್ಪನನ್ನು ಸೇರಿಸಿದ್ದ ಆಸ್ಪತ್ರೆಯ ಮೂರನೇ ಮಹಡಿಗೆ ಕರೆದುಕೊಂಡು ಹೋಗಬೇಕು. ಅಲ್ಲಿ ನುಂಗುವುದನ್ನು ಕಲಿಸುವ ಒಬ್ಬಾಕೆ ಇದ್ದಾಳೆ. ಮನೆಯಲ್ಲಿ ಎಲ್ಲರೂ ಅವಳಿಗಿಟ್ಟ ಹೆಸರು ನುಂಗು ಟೀಚರ್. ಅವಳು ಕಡ್ಡಿ ಮುರಿದಂತೆ ಹೇಳಿದ್ದಳು: “ತೆಳು ನೀರು ಒಂದು ಗುಟುಕೂ ಬೇಡ. ಅದು ಓಡೋ ಸ್ಪೀಡಿಗೆ ಇವರ ಗಂಟಲು ಬಾಗಿಲು ಹಾಕಲ್ಲ. ಸೀದಾ ಶ್ವಾಸಕೋಶಕ್ಕೆ ಹೋಗುತ್ತೆ. ಆಮೇಲೆ ನ್ಯುಮೋನಿಯ, ಆಮೇಲೆ ನಾನು ಹೇಳಬೇಕಾಗಿಲ್ಲ.” ಅದಕ್ಕೊಂದು ಡಬ್ಬಿ ಪುಡಿ ಕೊಟ್ಟಿದ್ದಳು. ಲೋಟದ ನೀರಿಗೆ ಎರಡು ಚಮಚ ಹಾಕಿ ಕಲಕಿದರೆ ನೀರು ಮಂದವಾಗಿ, ಚಮಚದಿಂದ ಎಳೆ ಎಳೆಯಾಗಿ ಇಳಿಯುತ್ತಿತ್ತು. ಮಗಳು ಒಂದು ಸಲ ಬಾಯಿಗೆ ಹಾಕಿಕೊಂಡು ನೋಡಿದ್ದಳು. ಅದರಲ್ಲಿ ನೀರಿತ್ತು, ಆದರೆ ಬಾಯಾರಿಕೆ ಹಾಗೇ ಉಳಿಯುತ್ತಿತ್ತು. “ಅಭ್ಯಾಸ ಆಗುತ್ತಪ್ಪ” ಅಂದಿದ್ದಳು. ಅಪ್ಪ “ಸರಿ” ಅಂದಿದ್ದ.

ಅಪ್ಪನಿಗೆ ಹಗಲೆಲ್ಲ ಕಿಟಕಿ ಪಕ್ಕದ ಕುರ್ಚಿಯೇ ಗತಿ. ಮಗಳಿಗೆ ಮದುವೆ ಅಂತ ಒಂದಾಗಿ ಎರಡು ವರ್ಷಕ್ಕೇ ಮುರಿದು, ಅವಳು ಅಪ್ಪನ ಜೊತೆಗೇ ಇದ್ದವಳು. ಅವಳು ಕೆಲಸಕ್ಕೆ ಹೋದರೆ ನೋಡಿಕೊಳ್ಳುವುದಕ್ಕೆ ಚಿಕ್ಕಮ್ಮ ಬರುತ್ತಿದ್ದಳು, ತೀರಿಹೋದ ಅಮ್ಮನ ತಂಗಿ. ಬೆಳಿಗ್ಗೆ ಒಂಬತ್ತಕ್ಕೆ ಬಂದು ಸಂಜೆ ಐದೂವರೆಗೆ ಹೋಗುವಳು. ಬಾಯಿ ಜೋರು, ಮನಸ್ಸು ಮೆತ್ತಗೆ, ಮಧ್ಯಾಹ್ನ ಒಂದು ಗಂಟೆ ನಿದ್ದೆ ಕಡ್ಡಾಯ. ಇನ್ನು ತಮ್ಮ. ಬಸ್ಸಿನ ಡ್ರೈವರ್. ಎರಡು ಬೀದಿಯಾಚೆ ಸಂಸಾರ. ಒಂದು ಭಾನುವಾರ ಅವನೇ ಈ ತೊಟ್ಟಿಯನ್ನು ಹೊತ್ತು ತಂದು ಅಪ್ಪನ ಎಡಗೈ ಪಕ್ಕದ ಗಿಡ್ಡ ಮೇಜಿನ ಮೇಲೆ ಇಟ್ಟ. ಒಳಗೆ ನಾಲ್ಕು ಕಿತ್ತಳೆ ಬಣ್ಣದ ಮೀನು. ಅದರಲ್ಲಿ ದೊಡ್ಡದು ಮೂಲೆಮೂಲೆಗೂ ಹೋಗಿ ಮೂತಿ ಇಟ್ಟು ನೋಡುತ್ತಿತ್ತು, ಅದಕ್ಕೆ ‘ಇನ್‌ಸ್ಪೆಕ್ಟರ್’ ಅಂತ ಹೆಸರಿಟ್ಟರು. “ಅಪ್ಪನಿಗೆ ಕಣ್ಣಿಗೊಂದು ಕೆಲಸ ಇರ್ಲಿ ಅಕ್ಕ” ಅಂದ ತಮ್ಮ. ಅಪ್ಪ ತೊಟ್ಟಿಯ ಕಡೆ ತುಂಬಾ ಹೊತ್ತು ನೋಡಿ “ಸರಿ” ಅಂದ. ನೋಡಿದಿರಾ, ಎಷ್ಟು ಖುಷಿ ಅಂತ ಚಿಕ್ಕಮ್ಮ ಕಣ್ಣೊರೆಸಿಕೊಂಡಳು.

ಲೋಳೆ ಬಂದದ್ದು ಅದಾಗಿ ಮೂರು ವಾರಕ್ಕೆ. ಎರಡನೇ ಸಲ ತೊಳೆದದ್ದೂ ನೀರುಪಾಲಾದಾಗ ಮಗಳು ಹಠಕ್ಕೆ ಬಿದ್ದಳು. ತೊಟ್ಟಿಯ ನೀರನ್ನು ಬಾಟಲಿಗೆ ತುಂಬಿ ಪ್ರಯೋಗಾಲಯಕ್ಕೆ ಒಯ್ದಳು. ನೈಟ್ರೇಟ್ ನೋಡಿದಳು, ಫಾಸ್ಫೇಟ್ ನೋಡಿದಳು, ಗಡಸುತನ, ಕ್ಲೋರಿನ್, ಒಂದೂ ಬಿಡಲಿಲ್ಲ. ಲೋಳೆಯನ್ನು ಗಾಜಿನ ಚೂರಿನ ಮೇಲೆ ಸವರಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಬ್ಯಾಕ್ಟೀರಿಯ ಸಂತೆ ನೆರೆದ ಹಾಗೆ ನೆರೆದಿದ್ದವು. ತಿನ್ನುವುದಕ್ಕೆ ಎಲ್ಲಿಂದಲೋ ಭರ್ತಿ ಸಿಗುತ್ತಿದೆ ಅನ್ನುವುದು ಗೊತ್ತಾಯಿತು. ಎಲ್ಲಿಂದ ಅನ್ನುವುದು ಗೊತ್ತಾಗಲಿಲ್ಲ. ಪಕ್ಕದ ಮೇಜಿನ ಸಹೋದ್ಯೋಗಿ, ಕನ್ನಡಕದವನು, ಬಗ್ಗಿ ನೋಡಿ, “ಏನ್ರೀ, ಊರಿಗೆಲ್ಲ ಯೋಗ್ಯ ಯೋಗ್ಯ ಅಂತ ಒತ್ತಿ, ಮನೇಲಿ ಇದನ್ನ ಸಾಕಿದೀರಾ” ಅಂತ ನಕ್ಕ. ಅವಳಿಗೆ ನಗು ಬರಲಿಲ್ಲ.

ಅಕ್ವೇರಿಯಂ ಅಂಗಡಿಯವನು ಅವಳ ಮಾತು ಅರ್ಧ ಕೇಳಿ ಪೂರ್ತಿ ಉತ್ತರ ಕೊಟ್ಟ. “ಮೇವು ಜಾಸ್ತಿ ಹಾಕ್ತಿದೀರ ಮೇಡಂ. ನೂರಕ್ಕೆ ತೊಂಬತ್ತು ಮನೇಲಿ ಇದೇ ಕಥೆ.” ಜೊತೆಗೆ ನೀಲಿ ಸೀಸೆಯೊಂದನ್ನು ಕೈಗಿತ್ತ. ದಿನಕ್ಕೆ ಹತ್ತು ಹನಿಯಂತೆ ಐದು ದಿನ ಹಾಕಿದರೆ ಲೋಳೆ ಸತ್ತು ಕೆಳಗೆ ಬೀಳುತ್ತದಂತೆ. ಅವಳು ಹತ್ತು ಹನಿ ಹಾಕಿದಳು. ಮೂರನೇ ದಿನದಿಂದ ಸಿಟ್ಟಿಗೆ ಹದಿನೈದು ಹಾಕಿದಳು. ಅಪ್ಪ ಕುರ್ಚಿಯಿಂದ ಅವಳ ಕೈಯನ್ನೇ ನೋಡುತ್ತಿದ್ದ. “ಸರಿ, ಸರಿ, ಸರಿ” ಅಂದ. ಎಡಗೈ ಎತ್ತಿ ಅಡ್ಡ ಆಡಿಸಿದ.

“ಗೊತ್ತಾಯ್ತಪ್ಪ, ಮೀನಿಗೇನೂ ಆಗಲ್ಲ. ಅಂಗಡಿಯವನನ್ನ ಕೇಳಿದೀನಿ” ಅಂದಳು ಅವಳು.

ಮೇವು ಜಾಸ್ತಿ ಅಂದರೆ ಹಾಕುವವರು ಯಾರು? ಬೆಳಿಗ್ಗೆ ಒಂದು ಚಿಟಿಕೆ ಅವಳೇ ಹಾಕುತ್ತಿದ್ದಳು, ಡಬ್ಬಿ ಕಪಾಟಿನ ಮೇಲಿಡುತ್ತಿದ್ದಳು. ಉಳಿದದ್ದು ಒಬ್ಬಳೇ. ಸಂಜೆ ಮನೆಗೆ ಬಂದವಳೇ ಚಪ್ಪಲಿ ಬಿಡುವುದಕ್ಕೂ ಪುರುಸೊತ್ತು ಕೊಡದೆ ಕೇಳಿಯೇಬಿಟ್ಟಳು. “ಚಿಕ್ಕಮ್ಮ, ನೀವು ಮೀನಿಗೆ ಬಿಸ್ಕತ್ತು ಹಾಕ್ತೀರಾ?”

“ನಾನಾ? ನಾನ್ಯಾಕೆ ಹಾಕ್ಲಿ?”

“ನೀವು ತಿನ್ನುವಾಗ ಒಂದು ಚೂರು, ಹಾಗೇ ಸುಮ್ನೆ.”

“ಸುಮ್ನೆ ಹಾಕೋಕೆ ನನಗೇನು ತಲೆ ಕೆಟ್ಟಿದೆಯಾ? ನಿಮ್ಮಪ್ಪನಿಗೆ ಗಂಟೆಗೊಂದು ಸಲ ಆ ಅಂಟು ನೀರು ಕಲಕಿ ಕೊಡೋದರಲ್ಲೇ ನನ್ನ ಸೊಂಟ ಬಿದ್ದುಹೋಗಿದೆ. ಕೈಗೆ ಕೊಟ್ಟು ಆ ಕಡೆ ಹೋಗಿ ಬರೋದರಲ್ಲಿ ಒಂದು ತೊಟ್ಟೂ ಬಿಟ್ಟಿರಲ್ಲ. ಲೋಟ ನೋಡು ಬೇಕಾದ್ರೆ, ನೆಕ್ಕಿದ ಹಾಗಿರುತ್ತೆ. ಅದನ್ನ ಒಂದಿನ ಕೇಳಲಿಲ್ಲ. ಮೀನಿನ ಲೆಕ್ಕ ಕೇಳೋಕೆ ಬಂದೆ.”

“ಮತ್ತೆ ನೀರು ಯಾಕೆ ಕಮ್ಮಿ ಆಗ್ತಿದೆ? ನಾನು ದಿನಾ ಗೆರೆ ತನಕ ತುಂಬಿಸ್ತೀನಿ. ಸಂಜೆಗೆ ಒಂದು ಬೆರಳು ಇಳಿದಿರುತ್ತೆ.”

“ಬಿಸಿಲು ಬೀಳುತ್ತಮ್ಮ ಕಿಟಕಿಯಿಂದ. ಅದಕ್ಕೂ ನಾನೇನಾ? ಮಧ್ಯಾಹ್ನ ಆ ಗುಳ್ಳೆ ಬೇರೆ ನಿಂತುಹೋಗುತ್ತೆ ಆಗಾಗ. ಅದನ್ನೂ ನಾನೇ ಕುಡಿದೆ ಅನ್ನು.”

ಮಾತಿಗೆ ಮಾತು ಬೆಳೆಯಿತು. ಮಗಳು ಆಡಬಾರದ ಒಂದು ಮಾತು ಆಡಿದಳು. ನಿದ್ದೆ ಮಾಡೋಕೆ ನಮ್ಮನೆಗೇ ಬರಬೇಕಾ ಅಂದುಬಿಟ್ಟಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡು ಏನು ಫಲ. ಚಿಕ್ಕಮ್ಮ ಚೀಲ ಎತ್ತಿಕೊಂಡು, ಅಪ್ಪನ ತಲೆ ಒಮ್ಮೆ ಸವರಿ, ಅವಳ ಮುಖ ನೋಡದೆ ಹೋದಳು. ಅಪ್ಪ ಬಾಗಿಲ ಕಡೆ ಕೈಚಾಚಿ “ಸರಿ ಸರಿ” ಅಂತ ಕೂಗಿದ. ಅವನ ಕಣ್ಣಲ್ಲಿ ನೀರಿತ್ತು. ಜಗಳ ಅಂದರೆ ಅಪ್ಪನಿಗೆ ಮೊದಲಿಂದಲೂ ಆಗುವುದಿಲ್ಲ ಅಂತ ಮಗಳು ಅದಕ್ಕೂ ಒಂದು ಅರ್ಥ ಹಚ್ಚಿದಳು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಚಿಕ್ಕಮ್ಮ ಬಂದಳು, ಆದರೆ ಬಾಯಿಗೆ ಬೀಗ ಹಾಕಿಕೊಂಡು ಬಂದಳು. ಆ ಮನೆಯಲ್ಲಿ ಮಾತಾಡುವವಳು ಅಂತ ಇದ್ದದ್ದೇ ಅವಳೊಬ್ಬಳು.

ಆ ವಾರ ಎರಡು ಮೀನು ಸತ್ತವು. ಉಳಿದೆರಡು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಕಳೆದು ಕಳೆದು ಮುಚ್ಚುತ್ತಿದ್ದವು. ಇನ್‌ಸ್ಪೆಕ್ಟರ್ ಕೂಡ ತನಿಖೆ ಬಿಟ್ಟು ಅಲ್ಲೇ ತೇಲುತ್ತಿತ್ತು. ಅಪ್ಪನಿಗೆ ಸಣ್ಣಗೆ ಕೆಮ್ಮು ಶುರುವಾಗಿತ್ತು. ಹವೆ ಬದಲಾಗಿದೆ ಅಂದುಕೊಂಡು ಮಗಳು ಅವನಿಗೆ ಇನ್ನೊಂದು ಹೊದಿಕೆ ಹೊದಿಸಿ, ಮೀನಿನ ಉಸಿರಿನ ಕಡೆ ಗಮನ ಕೊಟ್ಟಳು. ಇದನ್ನು ಹೀಗೇ ಹೇಳಬೇಕು, ಯಾಕೆಂದರೆ ಆಮೇಲೆ ಅವಳು ತನಗೆ ತಾನೇ ಹೇಳಿಕೊಂಡದ್ದೂ ಹೀಗೇ: ಅಪ್ಪ ಕೆಮ್ಮುತ್ತಿದ್ದ, ನಾನು ಮೀನಿನ ಉಸಿರು ಅಳೆಯೋಕೆ ಹೋದೆ.

ನೀರಿನಲ್ಲಿ ಕರಗಿದ ಆಮ್ಲಜನಕ ಎಷ್ಟಿದೆ ಅಂತ ನೋಡುವ ಪರೀಕ್ಷೆ ಅವಳಿಗೆ ಕಣ್ಣುಮುಚ್ಚಿ ಮಾಡುವಷ್ಟು ಅಭ್ಯಾಸ. ಬಾಟಲಿಯ ನೀರಿಗೆ ಒಂದಾದ ಮೇಲೊಂದು ರಾಸಾಯನಿಕ ಹಾಕುತ್ತ ಹೋದರೆ ಕೊನೆಗೆ ಅದರಲ್ಲಿ ಅಯೋಡಿನ್ ಹುಟ್ಟಿ ನೀರು ಜೇನುತುಪ್ಪದ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಪಿಷ್ಟದ ದ್ರಾವಣ ಎರಡು ಹನಿ ಹಾಕಬೇಕು. ಅಯೋಡಿನ್‌ಗೂ ಪಿಷ್ಟಕ್ಕೂ ಭೇಟಿಯಾದರೆ ನೀಲಿ ಏಳುತ್ತದೆ, ಶಾಲೆಯ ಮಕ್ಕಳಿಗೂ ಗೊತ್ತಿರುವ ವಿದ್ಯೆ. ಆ ನೀಲಿಯನ್ನು ಹನಿಹನಿಯಾಗಿ ಕಳೆಯುತ್ತ ಲೆಕ್ಕ ಹಾಕುವುದು ಅವಳ ಕೆಲಸ. ಅವತ್ತು ಮಧ್ಯಾಹ್ನ ಅವಳು ಆಮ್ಲ ಹಾಕಿ ಬಾಟಲಿ ಅಲುಗಾಡಿಸಿದಳು. ಜೇನುತುಪ್ಪದ ಬಣ್ಣ ಬರಬೇಕಾದಲ್ಲಿ ಇಡೀ ಬಾಟಲಿ ಕಡುನೀಲಿಯಾಯಿತು.

ಪಿಷ್ಟದ ಸೀಸೆಯನ್ನು ಅವಳಿನ್ನೂ ಮುಟ್ಟಿರಲಿಲ್ಲ.

ಬಾಟಲಿ ಸರಿಯಾಗಿ ತೊಳೆದಿಲ್ಲ ಅಂತ ಬೇರೆ ಬಾಟಲಿ ತೆಗೆದುಕೊಂಡಳು. ಮತ್ತೆ ನೀಲಿ. ಊರ ನಲ್ಲಿಯ ನೀರಿಗೆ ಮಾಡಿ ನೋಡಿದಳು, ಅದು ಮರ್ಯಾದೆಯಿಂದ ಜೇನಿನ ಬಣ್ಣಕ್ಕೆ ಬಂತು. ಕನ್ನಡಕದವನು ಎದ್ದು ಬಂದು ನೋಡಿ, ಈ ಸಲ ನಗದೆ, “ಬಟ್ಟೆಗೆ ಹಾಕೋ ಗಂಜಿಯೇನಾದ್ರೂ ಬಿತ್ತಾ ತೊಟ್ಟಿಗೆ? ಇದರಲ್ಲಿ ಪಿಷ್ಟ ಇದೆ. ಅದೂ ಸಿಕ್ಕಾಪಟ್ಟೆ” ಅಂದ.

ಅವಳ ಕಣ್ಣ ಮುಂದೆ ಅಡುಗೆಮನೆಯ ಕಟ್ಟೆಯ ಮೇಲಿನ ಡಬ್ಬಿ ಬಂತು. ದಿನಕ್ಕೆ ಎಂಟು ಸಲ ಅವಳೋ ಚಿಕ್ಕಮ್ಮನೋ ತೆರೆಯುವ ಡಬ್ಬಿ. ಅದರ ಹೊಟ್ಟೆಯ ಮೇಲೆ ಸಣ್ಣ ಅಕ್ಷರದಲ್ಲಿ ‘ಸಂಸ್ಕರಿಸಿದ ಪಿಷ್ಟ’ ಅಂತ ಬರೆದದ್ದನ್ನು ನೂರು ಸಲ ಓದಿದ್ದಳು. ಲೋಟ ನೆಕ್ಕಿದ ಹಾಗಿರುತ್ತೆ ಅಂದಿದ್ದಳು ಚಿಕ್ಕಮ್ಮ. ಇರದೆ ಏನು. ಅಪ್ಪ ಮಂದ ನೀರನ್ನು ಕುಡಿಯುತ್ತಲೇ ಇರಲಿಲ್ಲ. ಹಾಗಾದರೆ ಇಷ್ಟು ದಿನ ಅವನು ಬದುಕಿದ್ದು ಯಾವ ನೀರಿನ ಮೇಲೆ ಅನ್ನುವ ಪ್ರಶ್ನೆ ಆಮೇಲೆ ಬಂತು. ಆ ಪ್ರಶ್ನೆ ಬಂದ ಮೇಲೆ ಅವಳು ಅಲ್ಲಿ ನಿಲ್ಲಲಿಲ್ಲ.

ಮನೆ ಮುಟ್ಟಿದಾಗ ಮೂರು ಗಂಟೆ. ಬಾಗಿಲು ಸದ್ದಾಗದಂತೆ ತೆರೆದಳು. ಒಳಕೋಣೆಯಲ್ಲಿ ಚಿಕ್ಕಮ್ಮನ ಗೊರಕೆ. ಅಪ್ಪನ ಬೆನ್ನು ಕಾಣುತ್ತಿತ್ತು. ಅವನು ಎಡಗೈಯಲ್ಲಿ ಅರ್ಧ ತುಂಬಿದ ಲೋಟ ಎತ್ತಿ, ಮೇವು ಹಾಕುವ ಸಣ್ಣ ಮುಚ್ಚಳ ಸರಿಸಿ, ಮಂದ ನೀರನ್ನು ಒಂದು ಹನಿ ಹೊರಗೆ ಬೀಳದ ಹಾಗೆ ತೊಟ್ಟಿಗೆ ಸುರಿದ. ಖಾಲಿ ಲೋಟವನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡ. ಆಮೇಲೆ ಮೋಟರಿನಿಂದ ಗಾಳಿಯ ಕೊಳವೆ ಕಿತ್ತ. ಗುಳ್ಳೆಗಳು ನಿಂತವು. ಕೊಳವೆಯ ತುದಿಯನ್ನು ಬಾಯಿಗಿಟ್ಟು ಒಮ್ಮೆ ಎಳೆದು, ನೀರು ಏರಿ ಬಂದದ್ದೇ ಲೋಟಕ್ಕೆ ಬಿಟ್ಟ. ಬಾಯಲ್ಲಿ ಒಂದು ಸಲ ಎಳೆದು ತಗ್ಗಿಗೆ ಹಿಡಿದರೆ ನೀರು ತಾನಾಗಿ ಬರುತ್ತದೆ ಅಂತ ಅವಳಿಗೆ ಆರು ವರ್ಷವಾಗಿದ್ದಾಗ ಕಲಿಸಿದವನೇ ಅವನು. ಲೋಟ ತುಂಬಿತು. ಕೊಳವೆಯನ್ನು ಮೇಲೆತ್ತಿ ನೀರು ನಿಲ್ಲಿಸಿ, ಮತ್ತೆ ಮೋಟರಿಗೆ ಒತ್ತಿ ಕೂರಿಸಿದ. ಗುಳ್ಳೆ ಬಂತು. ಆಮೇಲೆ, ಗದ್ದವನ್ನು ಎದೆಗೊತ್ತಿಕೊಂಡು, ನುಂಗು ಟೀಚರ್ ಕಲಿಸಿಕೊಟ್ಟ ಭಂಗಿಯಲ್ಲೇ, ಲೋಟ ಬಾಯಿಗೆತ್ತಿದ. ಅವಳು ಹದಿನೈದು ಹನಿ ನೀಲಿ ಔಷಧಿ ಹಾಕಿದ್ದ ನೀರು ಅದು. ಸತ್ತ ಮೀನು ತೇಲಿದ್ದ ನೀರು.

“ಅಪ್ಪ” ಅಂದಳು.

ಅವನು ತಿರುಗಲಿಲ್ಲ. ಬೇಗ ಬೇಗ ಉಳಿದದ್ದನ್ನೂ ಕುಡಿದು ಮುಗಿಸಿದ. ಆಮೇಲೆ ಕೆಮ್ಮು ಬಂತು. ಮೈಯೆಲ್ಲ ಅಲುಗಿಸಿಬಿಡುವ ಕೆಮ್ಮು. ಅವಳು ಬೆನ್ನು ಉಜ್ಜುತ್ತ ನಿಂತಳು. ಕೈಗೆ ಅವನ ಮೈ ಸುಡುತ್ತಿರುವುದು ಗೊತ್ತಾಯಿತು. ಕೊಳವೆಯ ತುದಿಗೆ ಏನೋ ಬೆಳ್ಳಗೆ ಕಂಡಿತು. ಲೋಳೆ ಅಂದುಕೊಂಡು ಮುಟ್ಟಿದಳು. ಟೇಪು. ಮತ್ತೆ ಮತ್ತೆ ಕಿತ್ತು ಹಾಕಿ ಕೊಳವೆಯ ಬಾಯಿ ಸಡಿಲವಾಗಿತ್ತೇನೋ, ಹಳೇ ಕೆಲಸದ ಚೀಲ ಕುರ್ಚಿಯ ಕೆಳಗೇ ಇತ್ತು, ಅದರಿಂದ ಟೇಪು ತೆಗೆದು ಒಂದೇ ಕೈಯಲ್ಲಿ, ಇನ್ನೊಂದು ಕಡೆ ಹಲ್ಲಲ್ಲಿ ಹಿಡಿದು, ಬಿಗಿಯಾಗಿ ಸುತ್ತಿದ್ದ. ಕದ್ದು ಕುಡಿಯುವುದಾದರೂ ಕೂಡುಗೆ ಸೋರುವಂತಿಲ್ಲ.

ಎಚ್ಚೆತ್ತು ಬಂದ ಚಿಕ್ಕಮ್ಮ ಬಾಗಿಲಲ್ಲೇ ನಿಂತಳು. ಮಗಳು ಲೋಟ ತೋರಿಸಿದಳು, ಕೊಳವೆ ತೋರಿಸಿದಳು. ಚಿಕ್ಕಮ್ಮನಿಗೆ ಎಲ್ಲ ಅರ್ಥವಾಯಿತು. “ನಾನು ಮಲಗಬಾರದಿತ್ತು” ಅಂದಳು.

“ನಿಮ್ಮ ತಪ್ಪಲ್ಲ ಚಿಕ್ಕಮ್ಮ. ನಾನಂದಿದ್ದನ್ನ ಹೊಟ್ಟೆಗೆ ಹಾಕ್ಕೊಳ್ಳಿ” ಅಂದಳು ಮಗಳು. ಬಾಯಾರಿದವನ ಎಡಗೈ ಪಕ್ಕಕ್ಕೆ ಒಂದು ತೊಟ್ಟಿ ನೀರು ತಂದಿಟ್ಟು, ನೋಡ್ತಾ ಕೂತಿರು ಅಂದಿದ್ದರು ಎಲ್ಲರೂ ಸೇರಿ. ಅದು ಯಾರ ತಪ್ಪು ಅಂತ ಹಂಚುವುದು.

ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಎರಡೂ ಶ್ವಾಸಕೋಶದ ಬುಡದಲ್ಲಿ ಸೋಂಕು. ನೀಲಿ ಔಷಧಿಯಿಂದ ಅಂಥ ಅಪಾಯವಾಗಿಲ್ಲ, ಆದದ್ದೆಲ್ಲ ಆ ಹೊಲಸು ನೀರು ಒಳಗಿಳಿದದ್ದರಿಂದ ಅಂದರು. ಅದನ್ನು ಕೇಳಿ ಅವಳಿಗೆ ಸಮಾಧಾನವೇನೂ ಆಗಲಿಲ್ಲ. ಬಿಡುಗಡೆಯ ದಿನ ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದರು. “ಇನ್ನೊಂದು ಸಲ ಹೀಗಾದ್ರೆ ಈ ಎದೆ ತಡೆಯಲ್ಲ. ಮಂದ ನೀರೇ ಕೊಟ್ಟು ಕಣ್ಣಲ್ಲಿ ಕಣ್ಣಿಟ್ಟು ಕಾದರೆ ಒಂದೆರಡು ವರ್ಷ ಇರಬಹುದು. ಗಂಟಲು ಮಾತ್ರ ಇನ್ನು ಸುಧಾರಿಸಲ್ಲ.” ಸ್ವಲ್ಪ ತಡೆದು, “ಕೆಲವರು ತೆಳು ನೀರೇ ಬೇಕು, ಏನಾದ್ರೂ ಆಗ್ಲಿ ಅಂತಾರೆ. ಅದು ಅವರವರ ಇಷ್ಟ. ನಾವು ಅಡ್ಡ ಬರಲ್ಲ. ಅವರನ್ನೇ ಕೇಳಿ ನೋಡಿ” ಅಂದರು. ಕೇಳಿ ನೋಡಿ ಅನ್ನುವುದು ಬಲು ಸಲೀಸು.

ತಮ್ಮ ಅವತ್ತೇ ತೊಟ್ಟಿಯನ್ನು ಹೊತ್ತುಕೊಂಡು ಹೋದ. ಇನ್‌ಸ್ಪೆಕ್ಟರ್ ಒಂದೇ ಉಳಿದಿತ್ತು, ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಒಯ್ದ. “ಇನ್ಮೇಲೆ ಒಂದು ಗುಟುಕೂ ಆ ಕಡೆ ಈ ಕಡೆ ಆಗಬಾರದು ಅಕ್ಕ. ಚಮಚದಲ್ಲೇ ಕುಡಿಸು. ಬಾಯಿ ಖಾಲಿ ಆಯ್ತಾ ನೋಡ್ಕೊಂಡೇ ಮುಂದಿನ ಚಮಚ” ಅಂದ. ಅವನ ಕಣ್ಣು ಕೆಂಪಾಗಿತ್ತು. ಅಪ್ಪ ಬೇಕು ಅವನಿಗೆ, ಅಷ್ಟೇ. ಅದರಲ್ಲಿ ತಪ್ಪು ಹುಡುಕುವುದಕ್ಕೆ ಏನಿದೆ?

ಹಾಗೇ ನಡೆಯಿತು. ಮಗಳು ರಜೆ ಹಾಕಿದಳು. ಗಂಟೆಗೊಂದು ಸಲ ಮಂದ ನೀರು ಕಲಕಿ ಚಮಚದಲ್ಲಿ ಹಾಕಿದಳು. ಅಪ್ಪ ಬಾಯಿ ತೆರೆದ, ನುಂಗಿದ, ನಾಲಿಗೆ ಹೊರಗೆ ಹಾಕಿ ಖಾಲಿ ತೋರಿಸಿದ, “ಸರಿ” ಅಂದ. ತುಟಿ ಒಣಗಿ ಸಿಪ್ಪೆ ಏಳುತ್ತಿತ್ತು. ಪಕ್ಕದ ಗಿಡ್ಡ ಮೇಜಿನ ಮೇಲೆ ತೊಟ್ಟಿಯ ನಾಲ್ಕು ಮೂಲೆಯ ಗುರುತು ಮಾತ್ರ ಉಳಿದಿತ್ತು. ಅವನು ಅದರ ಕಡೆ ಕೂಡ ನೋಡುತ್ತಿರಲಿಲ್ಲ. ಅಡುಗೆಮನೆಯಲ್ಲಿ ಯಾರಾದರೂ ನಲ್ಲಿ ಬಿಟ್ಟರೆ ಸದ್ದು ನಿಲ್ಲುವ ತನಕ ಆ ಕಡೆ ಕಿವಿ ಕೊಟ್ಟಿರುತ್ತಿದ್ದ.

ಒಂಬತ್ತನೇ ದಿನ ಬೆಳಿಗ್ಗೆ ಅವಳು ಎರಡು ಲೋಟ ತಂದು ಅವನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಒಂದರಲ್ಲಿ ಮಂದ, ಒಂದರಲ್ಲಿ ತೆಳು.

“ಅಪ್ಪ, ಇದನ್ನ ಕುಡಿದ್ರೆ ಇನ್ನೂ ಇರ್ತೀಯ. ಇದನ್ನೇ ಕುಡೀತೀಯಾ?”

“ಸರಿ.”

“ಇದನ್ನ ಕುಡಿದ್ರೆ ಜಾಸ್ತಿ ದಿನ ಇರಲ್ಲ ನೀನು. ಗೊತ್ತಾಗ್ತಿದೆಯಾ? ಇದು ಬೇಕಾ?”

“ಸರಿ.”

“ಎರಡಕ್ಕೂ ಸರಿ ಅಂದ್ರೆ ನಾನೇನು ಮಾಡ್ಲಿ ಅಪ್ಪ. ಒಂದನ್ನ ಮುಟ್ಟು.”

ಅವನು ಎರಡನ್ನೂ ಮುಟ್ಟಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟು “ಸರಿ” ಅಂದ. ಅವಳಿಗೆ ತಡೆಯಲಾಗಲಿಲ್ಲ, ಅವನ ಮಂಡಿಗೆ ಹಣೆ ಹಚ್ಚಿ ಅತ್ತಳು. ಎಷ್ಟೋ ಹೊತ್ತಿನ ಮೇಲೆ ಎದ್ದು, ಎರಡೂ ಲೋಟ ಬದಿಗಿಟ್ಟು, ಅವನ ತೋಳಿನಡಿ ಹೆಗಲು ಕೊಟ್ಟು ಎಬ್ಬಿಸಿದಳು. ಹನ್ನೆರಡು ಹೆಜ್ಜೆಯ ಅಡುಗೆಮನೆಗೆ ಕಾಲು ಗಂಟೆ ಹಿಡಿಯಿತು. ಅಲ್ಲಿದ್ದದ್ದು ಅವನೇ ಕೂಡಿಸಿದ ನಲ್ಲಿ, ಈ ಮನೆಗೆ ಬಂದ ವರ್ಷದ್ದು. ಅವಳು ಅವನ ಸೊಂಟ ಹಿಡಿದು ನಿಂತಳು. ನಲ್ಲಿಯನ್ನು ಅವಳು ಮುಟ್ಟಲಿಲ್ಲ.

ಅವನೇ ತಿರುಗಿಸಿದ. ಎಡ ಅಂಗೈ ಹಿಡಿದ. ನೀರು ತುಂಬಿ ಚೆಲ್ಲಿತು. ಕುಡಿದ. ಕೆಮ್ಮಿದ, ಕಣ್ಣು ಮೇಲೆ ಸಿಕ್ಕಿಕೊಳ್ಳುವಷ್ಟು ಕೆಮ್ಮಿದ, ಅವಳ ಹೆಗಲು ಹಿಡಿದು ಸುಧಾರಿಸಿಕೊಂಡ. ಮತ್ತೆ ಅಂಗೈ ಹಿಡಿದ. ಆಮೇಲೆ ಒದ್ದೆ ಕೈಯಲ್ಲಿ ಬಾಯಿ ಒರೆಸಿಕೊಂಡು, ಊರಿನ ಮನೆಮನೆಯಲ್ಲಿ ನಿಂತು ಹೇಳುತ್ತಿದ್ದ ಅದೇ ದನಿಯಲ್ಲಿ, “ಸರಿ” ಅಂದ.

ಆಮೇಲೆ ಬೆಳಿಗ್ಗೆ ಎರಡು ಅಂಗೈ, ಸಂಜೆ ಎರಡು ಅಂಗೈ. ಚಿಕ್ಕಮ್ಮನಿಗೆ ಗೊತ್ತಿತ್ತು. ಅವಳು ಅವನ ಇನ್ನೊಂದು ಹೆಗಲಿಗೆ ನಿಲ್ಲುತ್ತಿದ್ದಳು. ತುಟಿಯ ಸಿಪ್ಪೆ ಹೋಯಿತು. ಇಪ್ಪತ್ತಾರನೇ ದಿನ ಜ್ವರ ಬಂತು, ಮೂವತ್ತನೇ ದಿನ ಅಪ್ಪ ಹೋದ.

ಎಲ್ಲರೂ ಬಂದು ಹೋದ ಮೇಲೆ ತಮ್ಮ ಅಡುಗೆಮನೆಗೆ ಬಂದು ಕೂತ. ಪುಡಿಯ ಡಬ್ಬಿಯನ್ನು ಕೈಯಲ್ಲಿ ಆಡಿಸುತ್ತ, “ಒಂದು ತಿಂಗಳ ಹಿಂದೆ ತಂದಿದ್ದು ಇದು. ಅರ್ಧ ಹಾಗೇ ಇದೆ” ಅಂದ.

ಅವಳು ಎಲ್ಲ ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ.

ತಮ್ಮ ಡಬ್ಬಿಯ ಮುಚ್ಚಳ ತೆಗೆದು ಒಳಗೆ ನೋಡಿ ಮತ್ತೆ ಮುಚ್ಚಿದ. ಕೂಗಾಡಿದ್ದರೆ ಚೆನ್ನಾಗಿತ್ತು. “ನೀನು ಕೇಳಿದೆ, ಅಪ್ಪ ಸರಿ ಅಂದ” ಅಂದ.

“ಹೂಂ.”

“ಅವನು ಎಲ್ಲದಕ್ಕೂ ಸರಿ ಅಂತಿದ್ದನಲ್ಲ ಅಕ್ಕ.”

ರಾತ್ರಿಯೆಲ್ಲ ಅವಳು ತನ್ನನ್ನು ತಾನೇ ಕೇಳಿಕೊಂಡಿದ್ದೂ ಅದನ್ನೇ. ನೀರಿಗೆ ಯೋಗ್ಯ ಅಯೋಗ್ಯ ಅಂತ ಇಪ್ಪತ್ತು ವರ್ಷ ಒತ್ತಿದವಳು, ಈ ಒಂದಕ್ಕೆ ಯಾವುದನ್ನು ಒತ್ತಬೇಕೋ ತಿಳಿಯದೆ ಕೂತಿದ್ದಳು. ಕೊನೆಗೆ ಎದ್ದು ಹೋಗಿ ಕಪಾಟಿನಿಂದ ಕಾಗದದ ಪೊಟ್ಟಣವೊಂದನ್ನು ತಂದು ಅವನ ಮುಂದೆ ಬಿಡಿಸಿಟ್ಟಳು. ಬೆರಳುದ್ದದ ಕೊಳವೆಯ ತುಂಡು, ತೊಟ್ಟಿ ಕಳಿಸುವ ದಿನ ಕತ್ತರಿಸಿ ಇಟ್ಟುಕೊಂಡದ್ದು. ಅದರ ಒಂದು ತುದಿಗೆ ಬಿಳೀ ಟೇಪು.

“ಇದನ್ನ ಅಪ್ಪ ಸುತ್ತಿದ್ದು. ನಾನು ಕೇಳೋಕೂ ಮುಂಚೆ. ಒಂದೇ ಕೈಯಲ್ಲಿ” ಅಂದಳು.

ತಮ್ಮ ಅದನ್ನು ಎತ್ತಿಕೊಂಡ. ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಚಿಕ್ಕಂದಿನ ಆಟದಲ್ಲಿ ಮಾಡುತ್ತಿದ್ದ ಹಾಗೆ, ಹೆಬ್ಬೆರಳಿನ ಉಗುರಿನಿಂದ ಟೇಪಿನ ತುದಿ ಹುಡುಕಿದ. ಒಂದು ಸುತ್ತು ಹುಡುಕಿದ, ಇನ್ನೊಂದು ಸುತ್ತು ಹುಡುಕಿದ. ತುದಿ ಸಿಗಲಿಲ್ಲ.